ಆರಿಸಿಟ್ಟ ಅಗುಳುಗಳು

ಗ್ರಂಥಾಲಯ ಸಪ್ತಾಹದ ಭಾನುವಾರ ಸಂಜೆ ಕುಂದಾಪುರದಲ್ಲಿ ಆಡಿದ ಮಾತು ಇದು. ಬರೆದು ಕೊಡಿ ಎಂದು ಕೆಲವರು ಕೇಳಿದರು. ಆವತ್ತು ಹೇಳಿದ್ದನ್ನೇ ಬರೆದಿದ್ದೇನೆ. ಗಡಿಬಿಡಿಯಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಪಿಯು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ಮನಸ್ಸಿನ ಕಾಯಿಲೆ ನೋಡುವ ಡಾಕ್ಟರ್ ಅಲ್ಲ. ಸೋಶಿಯಲ್ ಮೀಡಿಯಾ ಮತ್ತು ನಮ್ಮ ಸಂತೋಷದ ಬಗ್ಗೆ ಮಾತಾಡಿ ಎಂದಾಗ, ಇದಕ್ಕೆ ನಾನು ಯಾಕೆ ಎಂದು ಕೇಳಿದೆ. ಆಮೇಲೆ ನಮ್ಮ ಮನೆಯಲ್ಲಿ ಆದ ಒಂದು ಸಂಗತಿ ನೆನಪಾಯಿತು. ಅದರ ಬೇರು ನಾನು ದಿನಾ ಬೋರ್ಡಿನ ಮೇಲೆ ಬರೆಯುವ ಪಾಠದಲ್ಲೇ ಇತ್ತು. ಅದು ನನಗೆ ಕಾಣಲು ಒಂದು ದಿನ ತಡವಾಯಿತು. ಅದನ್ನೇ ಹೇಳಲು ಬಂದಿದ್ದೇನೆ.

ಮಗಳ ಸೆಕೆಂಡ್ ಪಿಯುಸಿ ರಿಸಲ್ಟ್ ದಿನ. ಅವಳಿಗೆ 81 ಪರ್ಸೆಂಟ್ ಬಂತು. ಅಕೌಂಟೆನ್ಸಿ ಎಂದರೆ ನಡುಗುತ್ತಿದ್ದ ಹುಡುಗಿ ಅವಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕಷ್ಟಪಟ್ಟು ಪಾಸಾಗಿದ್ದಳು. ಹಾಗಾಗಿ 81 ನೋಡಿದ್ದೇ ಅಡುಗೆಮನೆಗೆ ಓಡಿಬಂದು ಅಜ್ಜಿಯನ್ನು ಅಪ್ಪಿಕೊಂಡು ಕುಣಿದಳು. ಅಜ್ಜಿ ಪಾಯಸಕ್ಕೆ ಕಡಲೆಬೇಳೆ ಬೇಯಲು ಇಟ್ಟರು.

ಊಟಕ್ಕೆ ಕರೆದಾಗ ಅವಳು ಬರಲಿಲ್ಲ. ಕೋಣೆಗೆ ಹೋಗಿ ನೋಡಿದರೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ. ಕೈಯಲ್ಲಿ ಫೋನು. ವಾಟ್ಸಾಪ್ ಸ್ಟೇಟಸ್ ಒಂದಾದ ಮೇಲೆ ಒಂದು. 97, 95, 98. ಒಬ್ಬಳಿಗೆ ಅಪ್ಪ ಲಾಡು ತಿನ್ನಿಸುತ್ತಿದ್ದಾರೆ. ಇನ್ನೊಬ್ಬನ ಕೊರಳಲ್ಲಿ ಹಾರ. "ಎಲ್ಲರಿಗೂ ತೊಂಬತ್ತರ ಮೇಲೆ ಬಂದಿದೆ ಅಮ್ಮ. ನನಗೊಬ್ಬಳಿಗೇ ಇಲ್ಲ" ಎಂದಳು.

ಆಗ ನಾನೊಂದು ತಪ್ಪು ಮಾಡಿದೆ. ಸಮಾಧಾನ ಹೇಳುವ ಬದಲು ನನ್ನ ಫೋನ್ ತೆಗೆದು ನೋಡಿದೆ. ಸಹೋದ್ಯೋಗಿಗಳ ಮಕ್ಕಳು, ನೆಂಟರ ಮಕ್ಕಳು, ಅಲ್ಲೂ ಅದೇ. ನನ್ನ ಮುಖ ಸ್ವಲ್ಪ ಇಳಿದಿರಬೇಕು. ಅವಳು ಅದನ್ನು ನೋಡಿದಳು. ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ. ಪಾಯಸ ಸಂಜೆವರೆಗೆ ಮುಚ್ಚಿಟ್ಟಲ್ಲೇ ಇತ್ತು.

ಬೆಳಿಗ್ಗೆ ಕುಣಿಸಿದ್ದು 81. ಮಧ್ಯಾಹ್ನ ಅಳಿಸಿದ್ದೂ ಅದೇ 81. ನಡುವೆ ಒಂದು ಅಂಕವೂ ಕಡಿಮೆಯಾಗಿರಲಿಲ್ಲ.

ಮರುದಿನ ಕಾಲೇಜಿಗೆ ಹೋಗಿ ನನ್ನ ತರಗತಿಯ ಅಂಕಪಟ್ಟಿ ತೆಗೆದೆ. ತೊಂಬತ್ತು ದಾಟಿದವರು ಕೈಬೆರಳಲ್ಲಿ ಎಣಿಸುವಷ್ಟು ಮಕ್ಕಳು. ಹಿಂದಿನ ದಿನ ಸ್ಟೇಟಸ್ ಹಾಕಿದವರೂ ಅವರೇ. 60 ಬಂದವರು, 70 ಬಂದವರು, ಒಂದು ವಿಷಯ ಹೋದವರು, ಯಾರೂ ಏನೂ ಹಾಕಿರಲಿಲ್ಲ. ಮಗಳು ನೋಡಿದ ಒಂದೊಂದು ಅಂಕವೂ ನಿಜ. ಒಬ್ಬರೂ ಸುಳ್ಳು ಹೇಳಿರಲಿಲ್ಲ. ಆದರೆ ಆ ನಿಜಗಳೆಲ್ಲ ಸೇರಿ ಅವಳಿಗೆ ಹೇಳಿದ್ದು ಸುಳ್ಳು.

ಅನ್ನ ಬೆಂದಿದೆಯಾ ಎಂದು ನೋಡಲು ನಾವು ಒಂದು ಅಗುಳು ಹಿಚುಕಿ ನೋಡುತ್ತೇವೆ. ಒಂದು ಅಗುಳಿನಿಂದ ಇಡೀ ಪಾತ್ರೆಯ ಅನ್ನದ ಸ್ಥಿತಿ ಗೊತ್ತಾಗುತ್ತದೆ. ನನ್ನ ವಿಷಯದ ಅರ್ಧ ಪಾಠ ಇದರಲ್ಲೇ ಇದೆ. ಆದರೆ ಅದಕ್ಕೊಂದು ಷರತ್ತು ಇದೆ. ಸೌಟು ಹಾಕಿ ತಿರುವಿ, ಸಿಕ್ಕಿದ ಅಗುಳನ್ನು ತೆಗೆಯಬೇಕು. ಯಾರೋ ಮೊದಲೇ ಚೆನ್ನಾಗಿ ಬೆಂದ ಅಗುಳುಗಳನ್ನು ಆರಿಸಿ ತಟ್ಟೆಯಲ್ಲಿ ಇಟ್ಟರೆ? ಆಗ ಸಾವಿರ ಅಗುಳು ನೋಡಿದರೂ ಪಾತ್ರೆಯ ಸಂಗತಿ ತಿಳಿಯುವುದಿಲ್ಲ. ಫೋನಿನಲ್ಲಿ ನಾವು ದಿನಾ ನೋಡುವುದು ಹೀಗೆ ಆರಿಸಿಟ್ಟ ಅಗುಳುಗಳನ್ನು.

ಹೋಲಿಕೆಯೇ ಕೆಟ್ಟದ್ದು, ಹೋಲಿಸಿಕೊಳ್ಳಬೇಡಿ ಎಂದು ತುಂಬಾ ಜನ ಬುದ್ಧಿ ಹೇಳುತ್ತಾರೆ. ನನಗೆ ಆ ಮಾತು ಅಷ್ಟಾಗಿ ಒಪ್ಪಿಗೆಯಿಲ್ಲ. ಹಸಿವು ಬೇಡ ಎಂದ ಹಾಗೆ ಆಗುತ್ತದೆ ಅದು. 1954ರಲ್ಲಿ ಲಿಯಾನ್ ಫೆಸ್ಟಿಂಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಈ ಬಗ್ಗೆ ಒಂದು ಮುಖ್ಯವಾದ ಲೇಖನ ಬರೆದರು. ನಾವು ಎಷ್ಟು ಎತ್ತರ, ಎಷ್ಟು ತೂಕ ಎಂದು ಅಳೆಯಲು ಟೇಪು, ತಕ್ಕಡಿ ಇವೆ. ನಾನು ಚೆನ್ನಾಗಿ ಹಾಡುತ್ತೇನಾ, ಒಳ್ಳೆಯ ತಾಯಿಯಾ, ಬದುಕಿನಲ್ಲಿ ಸರಿಯಾದ ಕಡೆ ಇದ್ದೇನಾ ಎಂದು ಅಳೆಯಲು ಯಾವ ತಕ್ಕಡಿಯೂ ಇಲ್ಲ. ಹಾಗಾಗಿ ಪಕ್ಕದವರನ್ನು ನೋಡುತ್ತೇವೆ. ಫೆಸ್ಟಿಂಗರ್ ಇನ್ನೊಂದು ಮಾತನ್ನೂ ಹೇಳಿದರು. ನಾವು ಯಾರ್ಯಾರನ್ನೋ ನೋಡುವುದಿಲ್ಲ, ನಮ್ಮ ಹಾಗೇ ಇರುವವರನ್ನು ನೋಡುತ್ತೇವೆ.

ಇದು ಎಷ್ಟು ಸರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಅಂಬಾನಿ ಮನೆಯ ಮದುವೆ ನೋಡಿ ಇಲ್ಲಿ ಯಾರಿಗೂ ರಾತ್ರಿ ನಿದ್ದೆ ಕೆಟ್ಟಿಲ್ಲ. ನಿದ್ದೆ ಕೆಡಿಸುವುದು ಹೈಸ್ಕೂಲಿನಲ್ಲಿ ಪಕ್ಕದ ಬೆಂಚಿನಲ್ಲಿ ಕೂತಿದ್ದವಳ ಗೃಹಪ್ರವೇಶದ ಫೋಟೋ. ಒಟ್ಟಿಗೆ ಕೆಲಸಕ್ಕೆ ಸೇರಿದವನ ಹೊಸ ಕಾರು. ಓರಗಿತ್ತಿಯ ಮಗನ ಸೀಟು. ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ನಮ್ಮೆದುರು ತಂದು ನಿಲ್ಲಿಸುವುದು ಇವರನ್ನೇ. ಯಾರನ್ನು ನೋಡಿದರೆ ನಮಗೆ ಹೆಚ್ಚು ತಾಗುತ್ತದೋ ಅವರನ್ನು.

ಮೊದಲು ಇದೆಲ್ಲ ಇರಲಿಲ್ಲವಾ? ಖಂಡಿತ ಇತ್ತು. ನಾನು ಚಿಕ್ಕವಳಿದ್ದಾಗ ಗಲ್ಫ್‌ನಿಂದ ಬಂದವರು ಬಸ್ಸಿಂದ ಇಳಿದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ದೊಡ್ಡ ಸೂಟ್‌ಕೇಸು, ಸೆಂಟಿನ ವಾಸನೆ, ಹೆಗಲ ಮೇಲೆ ಟು-ಇನ್-ವನ್ ಟೇಪ್ ರೆಕಾರ್ಡರ್. ಸಂಜೆ ಅವರ ಜಗಲಿಯಲ್ಲಿ ಅದು ಹಾಡಿದರೆ ಸುತ್ತಲಿನ ನಾಲ್ಕು ಮನೆಯವರಿಗೆ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ಆದರೆ ಅದೇ ವಾರ ಬಾವಿಕಟ್ಟೆಯಲ್ಲಿ ಆ ಹುಡುಗನ ಅಮ್ಮ ಕಣ್ಣೊರೆಸಿಕೊಂಡು ಹೇಳುತ್ತಿದ್ದರು. ಒಂದು ಕೋಣೆಯಲ್ಲಿ ಎಂಟು ಜನ ಮಲಗುತ್ತಾರಂತೆ. ಅಪ್ಪನ ಕಾರ್ಯಕ್ಕೂ ರಜೆ ಕೊಡಲಿಲ್ಲವಂತೆ. ಟೇಪ್ ರೆಕಾರ್ಡರ್ ಕಂಡ ಕಣ್ಣಿಗೆ ಈ ಕಣ್ಣೀರೂ ಕಾಣುತ್ತಿತ್ತು. ಎಲ್ಲರ ಮನೆ ದೋಸೆಯೂ ತೂತೇ ಎಂಬ ಗಾದೆ ಹುಟ್ಟಿದ್ದು ಅಂಥ ಊರಿನಲ್ಲಿ. ಅಲ್ಲಿ ಪಕ್ಕದ ಮನೆಯ ದೋಸೆಯ ಘಮವೂ ಬರುತ್ತಿತ್ತು, ತೂತೂ ಕಾಣುತ್ತಿತ್ತು. ಈಗ ಘಮ ಮಾತ್ರ ಬರುತ್ತದೆ.

ಬಾವಿಕಟ್ಟೆ ಹೋದದ್ದು ಫೋನಿನಿಂದ ಅಲ್ಲ, ನಲ್ಲಿಯಿಂದ. ಅದು ಬೇಕಾಗಿತ್ತು ಕೂಡ. ನೀರು ಸೇದಿ ಸೇದಿ ಸೊಂಟ ಹೋದ ಹೆಂಗಸರನ್ನು ನಾನು ನೋಡಿದ್ದೇನೆ. ಆದರೆ ಅಲ್ಲಿ ಸಿಗುತ್ತಿದ್ದ ಸುದ್ದಿ ಬೇರೆಲ್ಲೂ ಸಿಗದ ಹಾಗಾಯಿತು.

ಈಗ ಒಂದು ಲೆಕ್ಕ ಮಾಡೋಣ. ಸುಲಭದ ಲೆಕ್ಕ, ಪೆನ್ನು ಬೇಡ.

ನಿಮ್ಮ ಫೋನಿನಲ್ಲಿ 300 ಜನ ಇದ್ದಾರೆ ಎಂದುಕೊಳ್ಳಿ. ಎಲ್ಲರೂ ಸರಿಸಮಾನರು. ಪ್ರತಿಯೊಬ್ಬರ ಬಾಳಿನಲ್ಲೂ ವರ್ಷಕ್ಕೆ ಒಂದೇ ಒಂದು ದೊಡ್ಡ ಖುಷಿಯ ದಿನ. ಒಬ್ಬರಿಗೆ ಮದುವೆ, ಒಬ್ಬರಿಗೆ ಊಟಿ ಪ್ರವಾಸ, ಒಬ್ಬರಿಗೆ ಪ್ರಮೋಷನ್. ನಿಮಗೂ ಒಂದು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಆ ದಿನ ಎಲ್ಲರೂ ಒಂದು ಫೋಟೋ ಹಾಕುತ್ತಾರೆ, ಉಳಿದ ದಿನ ಸುಮ್ಮನಿರುತ್ತಾರೆ. ಇಷ್ಟು ನ್ಯಾಯವಾದ ಲೋಕ ಎಲ್ಲೂ ಇಲ್ಲ, ಅಲ್ವಾ?

ಆ ಲೋಕದಲ್ಲಿ ಕೂತು ಫೋನ್ ತೆಗೆಯಿರಿ. ವರ್ಷಕ್ಕೆ 300 ಖುಷಿ ಎಂದರೆ ವಾರಕ್ಕೆ ಸುಮಾರು ಆರು. ಹೆಚ್ಚುಕಡಿಮೆ ದಿನಾ ಯಾರದೋ ಮನೆಯಲ್ಲಿ ಹಬ್ಬ. ನಿಮ್ಮ ಹಬ್ಬ ಬರುವುದು ಒಂದೇ ದಿನ. ಉಳಿದ 364 ದಿನ ನೀವು ಕುಕ್ಕರ್ ಕೂಗುವುದನ್ನು ಕಾಯುತ್ತಲೋ ಬಸ್ಸಿನಲ್ಲಿ ನೇತಾಡುತ್ತಲೋ ಬೇರೆಯವರ ಹಬ್ಬ ನೋಡುತ್ತೀರಿ. "ಎಲ್ಲರೂ ಎಷ್ಟು ಸುಖವಾಗಿದ್ದಾರೆ, ನಾನೊಬ್ಬಳೇ ಹೀಗೆ" ಎಂದು ನಿಮಗೆ ಅನ್ನಿಸುತ್ತದೆ. ವಿಚಿತ್ರ ಏನೆಂದರೆ ಆ 300 ಜನರಿಗೂ ಹಾಗೇ ಅನ್ನಿಸುತ್ತಿರುತ್ತದೆ. ಯಾರೂ ಜಂಬ ಕೊಚ್ಚಲಿಲ್ಲ. ಯಾರೂ ಫಿಲ್ಟರ್ ಹಾಕಲಿಲ್ಲ. ಎಲ್ಲರೂ ಪೂರ್ತಿ ಸಮಾನರು. ಆದರೂ ಎಲ್ಲರಿಗೂ ತಾವು ಹಿಂದೆ ಬಿದ್ದೆವು ಎಂಬ ಸಂಕಟ.

ಈ ಲೆಕ್ಕ ನಾನು ತರಗತಿಯಲ್ಲಿ ಹೇಳಿದಾಗ ಮಕ್ಕಳು ಸ್ವಲ್ಪ ಹೊತ್ತು ಮಾತಾಡಲೇ ಇಲ್ಲ.

ನಿಜವಾದ ಲೋಕ ಇಷ್ಟು ಸಮವಾಗಿಲ್ಲ ಎಂಬುದು ನಮಗೆಲ್ಲ ಗೊತ್ತು. 1991ರಲ್ಲಿ ಸ್ಕಾಟ್ ಫೆಲ್ಡ್ ಎಂಬ ಸಮಾಜಶಾಸ್ತ್ರಜ್ಞರು ಒಂದು ಚಂದದ ಸಂಗತಿ ತೋರಿಸಿದರು. ನಿಮ್ಮ ಗೆಳೆಯರಿಗೆ ನಿಮಗಿಂತ ಜಾಸ್ತಿ ಗೆಳೆಯರು ಇರುತ್ತಾರೆ. ನಿಮಗೆ ಮಾತ್ರ ಅಲ್ಲ, ಹೆಚ್ಚಿನವರ ಪಾಡೂ ಇದೇ. ಹೇಗೆ? ಒಂದು ಗೂಡಂಗಡಿ ನೆನೆಸಿಕೊಳ್ಳಿ. ಅಂಗಡಿಯವನಿಗೆ ನಾಲ್ಕು ಜನರ ಪರಿಚಯ. ಆ ನಾಲ್ವರಿಗೆ ಅವನೊಬ್ಬನೇ ಪರಿಚಯ. ಈಗ ಆ ನಾಲ್ವರಲ್ಲಿ ಯಾರನ್ನು ಕೇಳಿದರೂ "ನನಗೆ ಒಬ್ಬನೇ ಗೆಳೆಯ, ಅವನಿಗೆ ನಾಲ್ಕು" ಎನ್ನುತ್ತಾರೆ. ಐದು ಜನರಲ್ಲಿ ನಾಲ್ವರು ತಾವು ಕಡಿಮೆ ಎಂದುಕೊಂಡು ಮನೆಗೆ ಹೋಗುತ್ತಾರೆ. ಹೆಚ್ಚು ಜನರ ಒಡನಾಟ ಇರುವವರು ಹೆಚ್ಚು ಜನರ ಕಣ್ಣಿಗೆ ಬೀಳುತ್ತಾರೆ, ಅಷ್ಟೇ. ಪ್ರವಾಸದ ಕಥೆಯೂ ಹಾಗೇ. ವರ್ಷಕ್ಕೆ ಹತ್ತು ಸಲ ಹೋಗುವವರು ಹತ್ತು ಸಲ ಕಾಣುತ್ತಾರೆ. ಹೋಗದವರು ಕಾಣುವುದೇ ಇಲ್ಲ.

ಇದರ ಮೇಲೆ ಯಂತ್ರ ಬೇರೆ ಕೂತು ಆರಿಸುತ್ತದೆ. ಫೇಸ್‌ಬುಕ್‌ನಲ್ಲಿ ಲೈಕ್ ಬಟನ್ ಬಂದದ್ದು 2009ರಲ್ಲಿ. ಅಲ್ಲಿಂದ ಬೇರೆಯವರ ಖುಷಿಗೆ ಒಂದು ಅಂಕಿ ಅಂಟಿಕೊಂಡಿತು. ಇನ್‌ಸ್ಟಾಗ್ರಾಂನಲ್ಲಿ ಮೊದಲು ಯಾರು ಯಾವಾಗ ಹಾಕಿದರೋ ಅದೇ ಕ್ರಮದಲ್ಲಿ ಫೋಟೋ ಕಾಣುತ್ತಿದ್ದವು. 2016ರಲ್ಲಿ ಅದು ಬದಲಾಯಿತು. ಯಾವುದನ್ನು ನೋಡಿದರೆ ನೀವು ನಿಲ್ಲುತ್ತೀರಿ ಎಂದು ಯಂತ್ರ ಅಂದಾಜು ಮಾಡಿ ಅದನ್ನೇ ಮುಂದೆ ತಂದಿಡತೊಡಗಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ನಮ್ಮ ಊರುಗಳ ಮನೆಮನೆಗೆ ಅಗ್ಗದ ಡೇಟಾ ಸಿಕ್ಕಿತು. 2017ರ ಫೆಬ್ರವರಿಯಲ್ಲಿ ವಾಟ್ಸಾಪ್‌ಗೆ 24 ಗಂಟೆಯ ಸ್ಟೇಟಸ್ ಬಂತು. ಒಂದೇ ವರ್ಷದೊಳಗೆ ಈ ಮೂರೂ ಸೇರಿದವು. ನಮ್ಮ ಮನೆಗಳಲ್ಲಿ ಸಂಜೆ ಕಳೆಯುವ ರೀತಿಯೇ ಬದಲಾದದ್ದು ಆಗ ಎಂದು ನನಗೆ ಅನ್ನಿಸುತ್ತದೆ.

ಇದರಿಂದ ಸಂತೋಷ ನಿಜವಾಗಿ ಕಡಿಮೆಯಾಗುತ್ತದಾ, ಅಥವಾ ನಾವು ಸುಮ್ನೆ ಹೇಳುತ್ತೇವಾ? ಇಲ್ಲಿ ನನ್ನ ಕಸುಬಿನ ಮಾತು ಸ್ವಲ್ಪ ಬರುತ್ತದೆ, ತಾಳ್ಮೆಯಿಂದ ಕೇಳಿ.

ಫೋನ್ ಜಾಸ್ತಿ ನೋಡುವವರು ಬೇಸರದಲ್ಲಿದ್ದಾರೆ ಎಂದು ಕಂಡುಬಂದರೆ ಸಾಲದು. ಬೇಸರ ಇದ್ದವರೇ ಫೋನ್ ಹಿಡಿದು ಕೂತಿರಬಹುದಲ್ಲ? ಯಾವುದು ಕಾರಣ, ಯಾವುದು ಪರಿಣಾಮ? 2013ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಜೊತೆಗಾರರು ಒಂದು ದಾರಿ ಹುಡುಕಿದರು. 82 ಯುವಜನರಿಗೆ ಎರಡು ವಾರ, ದಿನಕ್ಕೆ ಐದು ಸಲ ಮೆಸೇಜ್ ಕಳಿಸಿದರು. ಈಗ ಹೇಗಿದ್ದೀರಿ? ಕಳೆದ ಸಲ ಕೇಳಿದ ಮೇಲೆ ಫೇಸ್‌ಬುಕ್ ಎಷ್ಟು ನೋಡಿದಿರಿ? ಯಾರ ಜೊತೆಗಾದರೂ ಮಾತಾಡಿದಿರಾ? ಎರಡು ಮೆಸೇಜ್‌ಗಳ ನಡುವೆ ಫೇಸ್‌ಬುಕ್ ಹೆಚ್ಚು ನೋಡಿದವರ ಮನಸ್ಸು ಮುಂದಿನ ಸಲಕ್ಕೆ ಕುಗ್ಗಿರುತ್ತಿತ್ತು. ಜನರ ಜೊತೆ ನೇರವಾಗಿ ಮಾತಾಡಿದವರಲ್ಲಿ ಹಾಗೆ ಆಗಲಿಲ್ಲ.

82 ಜನ ಚಿಕ್ಕ ಸಂಖ್ಯೆ. ಹಾಗಾಗಿ ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಅಧ್ಯಯನ. ಫೇಸ್‌ಬುಕ್ ಶುರುವಾದದ್ದು 2004ರ ಫೆಬ್ರವರಿಯಲ್ಲಿ, ಹಾರ್ವರ್ಡ್‌ನಲ್ಲಿ. ಆಮೇಲೆ ಅಮೆರಿಕದ ಬೇರೆ ಕಾಲೇಜುಗಳಿಗೆ ಒಂದೊಂದಾಗಿ ಹೋಯಿತು. ಇವತ್ತು ಈ ಕಾಲೇಜು, ಮುಂದಿನ ಸೆಮಿಸ್ಟರ್ ಆ ಕಾಲೇಜು. ಯಾರು ಬೇಸರದಲ್ಲಿದ್ದಾರೆ ಎಂದು ನೋಡಿ ಅದು ಬರಲಿಲ್ಲ. ಹಾಗಾಗಿ ಬಂದ ಕಾಲೇಜು, ಇನ್ನೂ ಬರದ ಕಾಲೇಜು ಎರಡನ್ನೂ ಇಟ್ಟು ನೋಡಬಹುದು. ಆ ಕಾಲದ ವಿದ್ಯಾರ್ಥಿಗಳ ಆರೋಗ್ಯ ಸಮೀಕ್ಷೆಗಳು ಸಿಕ್ಕವು. ಬ್ರಗಿಯೇರಿ, ಲೆವಿ, ಮಕಾರಿನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಇವೆರಡನ್ನೂ ಜೋಡಿಸಿ 2022ರಲ್ಲಿ ಪ್ರಕಟಿಸಿದರು. ಫೇಸ್‌ಬುಕ್ ಬಂದ ಕಾಲೇಜುಗಳಲ್ಲಿ ಮಕ್ಕಳ ಮಾನಸಿಕ ಆರೋಗ್ಯ ಕೆಟ್ಟಿತ್ತು. ಮನಸ್ಸು ಸರಿಯಿಲ್ಲದೆ ಓದು ಕೆಟ್ಟಿತು ಎಂದವರು ಹೆಚ್ಚಿದ್ದರು. ಕಾರಣ ಹುಡುಕಿದಾಗ ಎಲ್ಲಕ್ಕಿಂತ ಹೆಚ್ಚು ಹೊಂದಿಕೆಯಾದದ್ದು ಹೋಲಿಕೆ. ಆಗ ಲೈಕ್ ಬಟನ್ ಇರಲಿಲ್ಲ. ಕೈಯಲ್ಲಿ ಸ್ಮಾರ್ಟ್‌ಫೋನ್ ಇರಲಿಲ್ಲ. ಸಹಪಾಠಿಗಳ ಪುಟ ನೋಡುವುದೊಂದೇ ಇದ್ದದ್ದು.

ಇನ್ನೊಂದು ಕಡೆಯ ಮಾತನ್ನೂ ಹೇಳಲೇಬೇಕು. 2019ರಲ್ಲಿ ಏಮಿ ಓರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್ಸ್ಕಿ 3.5 ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಅಂಕಿಅಂಶ ನೋಡಿದರು. ಮಕ್ಕಳ ನೆಮ್ಮದಿಯಲ್ಲಿ ಕಾಣುವ ವ್ಯತ್ಯಾಸಕ್ಕೆ ಟಿವಿ, ಫೋನು ಎಲ್ಲ ಸೇರಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ 0.4 ಪರ್ಸೆಂಟ್ ಎಂದು ಅವರ ಲೆಕ್ಕ. ಹಾಗಾಗಿ ಮಕ್ಕಳ ಎಲ್ಲ ಕಷ್ಟಕ್ಕೂ ಫೋನೇ ಕಾರಣ ಎಂದು ಕೂಗುವವರ ಜೊತೆ ನಾನಿಲ್ಲ. ಆದರೆ ಅದು ಸರಾಸರಿ. ರಾಜ್ಯದ ಸರಾಸರಿ ಮಳೆ ಇಷ್ಟು ಎಂದು ಹೇಳಿದರೆ ಆಗುಂಬೆಯವರ ಪಾಡೂ ತಿಳಿಯುವುದಿಲ್ಲ, ಚಳ್ಳಕೆರೆಯವರ ಪಾಡೂ ತಿಳಿಯುವುದಿಲ್ಲ. ರಿಸಲ್ಟ್ ದಿನ ಗೋಡೆ ಕಡೆ ತಿರುಗಿ ಮಲಗಿದ ಹುಡುಗಿಗೆ ಸರಾಸರಿ ತೋರಿಸಿ ಏನು ಮಾಡಲಿ?

ಯಾರನ್ನು ನೋಡುತ್ತೇವೆ ಎಂಬುದರ ಮೇಲೆ ಖುಷಿ ಎಷ್ಟು ನಿಂತಿದೆ ಎಂಬುದಕ್ಕೆ ನನಗೆ ಇಷ್ಟವಾದ ಉದಾಹರಣೆ ಫೋನಿಗಿಂತ ಹಳೆಯದು. 1992ರ ಬಾರ್ಸಿಲೋನಾ ಒಲಿಂಪಿಕ್ಸ್. ಗೆದ್ದವರ ವಿಡಿಯೋ ತೋರಿಸಿ, ಯಾರ ಮುಖದಲ್ಲಿ ಎಷ್ಟು ಖುಷಿ ಇದೆ ಎಂದು ವಿದ್ಯಾರ್ಥಿಗಳಿಂದ ಅಂಕ ಕೊಡಿಸಿದರು. ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರು ಹೆಚ್ಚು ಖುಷಿಯಲ್ಲಿದ್ದರು. ಬೆಳ್ಳಿಯವರ ಕಣ್ಣು ಚಿನ್ನದ ಮೇಲೆ. ಕಂಚಿನವರ ಕಣ್ಣು ಏನೂ ಸಿಗದೆ ಹೋದವರ ಮೇಲೆ. ಲೋಕಕ್ಕೇ ಎರಡನೆಯವರಾಗಿ ನಿಂತವರ ಮುಖ ಬಾಡಬಹುದಾದರೆ, 81 ಬಂದ ಮಗುವಿನ ಮುಖ ಬಾಡಿದ್ದರಲ್ಲಿ ಆಶ್ಚರ್ಯವಿಲ್ಲ.

ಇಷ್ಟು ಹೊತ್ತು ನೋಡುವವರ ಬಗ್ಗೆ ಹೇಳಿದೆ. ಹಾಕುವವರ ಬಗ್ಗೆಯೂ ಒಂದು ಮಾತಿದೆ.

ನನ್ನ ಚಿಕ್ಕಮ್ಮನ ಮಗ ಅಮೆರಿಕದಲ್ಲಿದ್ದಾನೆ. ಒಂದು ಭಾನುವಾರ ಅವನು ಸರೋವರದ ದಡದಲ್ಲಿ ಹೆಂಡತಿ, ಮಗುವಿನ ಜೊತೆ ಕೂತ ಫೋಟೋ ಹಾಕಿದ. ಹಿಂದೆ ಕೆಂಪು ಎಲೆಗಳ ಮರಗಳು. ನಾವು ಗಂಡ ಹೆಂಡತಿ ಅದನ್ನು ನೋಡಿ ಸುಮಾರು ಹೊತ್ತು ಮಾತಾಡಿದೆವು. ಮನೆ ಸಾಲ ಇನ್ನೂ ಒಂಬತ್ತು ವರ್ಷ ಇದೆ, ನಾವು ಒಂದು ಸಲ ಕಾಶಿಗೂ ಹೋಗಿಲ್ಲ, ಹೀಗೆಲ್ಲ. ಮೂರು ತಿಂಗಳ ಮೇಲೆ ಅವನು ಫೋನ್ ಮಾಡಿದಾಗ ವಿಷಯ ಗೊತ್ತಾಯಿತು. ಆ ಫೋಟೋದ ಹಿಂದಿನ ಗುರುವಾರ ಅವನ ಕೆಲಸ ಹೋಗಿತ್ತು. ಅವನದು ಎಚ್-1ಬಿ ವೀಸಾ. ಕೆಲಸ ಹೋದರೆ 60 ದಿನದೊಳಗೆ ಬೇರೆ ದಾರಿ ಹುಡುಕಬೇಕು, ಇಲ್ಲದಿದ್ದರೆ ದೇಶ ಬಿಡಬೇಕು. "ಮನೇಲಿ ಕೂತ್ರೆ ತಲೆ ಕೆಡ್ತಿತ್ತು ಅಕ್ಕ, ಅದಕ್ಕೆ ಕೆರೆ ಹತ್ರ ಹೋಗಿದ್ವಿ" ಎಂದ. ಹಾಗಾದರೆ ಫೋಟೋ ಯಾಕೆ ಹಾಕಿದೆ ಎಂದು ಕೇಳಿದೆ. "ಅಮ್ಮ ದಿನಾ ಸ್ಟೇಟಸ್ ನೋಡ್ತಾಳೆ. ಎರಡು ದಿನ ಏನೂ ಹಾಕದಿದ್ರೆ ಹೆದರ್ತಾಳೆ."

ಈ ಮಾತು ಕೇಳಿದ ಮೇಲೆ ನಾನು ಬೇರೆಯವರ ಫೋಟೋಗಳನ್ನು ಮೊದಲಿನ ಹಾಗೆ ನೋಡಲು ಆಗಿಲ್ಲ. ಮೆರೆಯಲು ಹಾಕುವವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಅಮ್ಮನ ಧೈರ್ಯಕ್ಕೆ ಹಾಕುವವರಿದ್ದಾರೆ. ಒಂಟಿತನ ತಡೆಯಲಾರದೆ ಹಾಕುವವರಿದ್ದಾರೆ. ನಾವು ಇಲ್ಲಿ ಕೂತು ನಿಟ್ಟುಸಿರು ಬಿಟ್ಟ ಆ ವಾರದಲ್ಲಿ ಅವನಿಗೆ ಬೇಕಾಗಿದ್ದದ್ದು ನಮ್ಮ ಒಂದು ಫೋನ್ ಕಾಲ್. ನಾವು ಫೋಟೋ ನೋಡಿದ್ದರಿಂದಲೇ ಅದನ್ನು ಮಾಡಲಿಲ್ಲ. ಚೆನ್ನಾಗಿದ್ದಾನಲ್ಲ, ಮತ್ತೇನು ಕೇಳುವುದು ಎಂದುಕೊಂಡೆವು.

ಮೈಬಣ್ಣ, ಮೈಕಟ್ಟು, ಫಿಲ್ಟರ್ ಹಾಕಿದ ಮುಖಗಳು, ಸಾಲ ಮಾಡಿ ತೆಗೆಸುವ ಪ್ರಿ-ವೆಡ್ಡಿಂಗ್ ಶೂಟ್, ಇವುಗಳ ಬಗ್ಗೆ ಹೆಣ್ಣುಮಕ್ಕಳ ಜೊತೆ ಬೇರೆಯಾಗಿಯೇ ಕೂತು ಮಾತಾಡಬೇಕು. ಇವತ್ತು ಸಮಯ ಸಾಲದು. ಒಂದು ಮಾತ್ರ ಹೇಳುತ್ತೇನೆ. ಇದು ಕೆಲವು ಹಿರಿಯರ ಗೊಣಗಾಟ ಎಂದು ತಿಳಿಯಬೇಡಿ. ಅಮೆರಿಕದ ಸರ್ಜನ್ ಜನರಲ್ (ಜನರ ಆರೋಗ್ಯದ ಬಗ್ಗೆ ದೇಶಕ್ಕೆ ಸಲಹೆ ಕೊಡುವ ಹಿರಿಯ ಸರ್ಕಾರಿ ವೈದ್ಯರು) ಆಗಿದ್ದ ವಿವೇಕ್ ಮೂರ್ತಿ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಮನೆತನದವರು. 2023ರ ಮೇ ತಿಂಗಳಲ್ಲಿ ಅವರು ಮಕ್ಕಳ ಮನಸ್ಸು ಮತ್ತು ಸೋಶಿಯಲ್ ಮೀಡಿಯಾ ಬಗ್ಗೆ ಇಡೀ ದೇಶಕ್ಕೆ ಎಚ್ಚರಿಕೆ ಹೊರಡಿಸಿದರು. ಮರುವರ್ಷ, ಸಿಗರೇಟ್ ಪ್ಯಾಕಿನ ಮೇಲೆ ಇರುವಂಥ ಎಚ್ಚರಿಕೆ ಇದಕ್ಕೂ ಬೇಕು ಎಂದು ಕೇಳಿದರು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇಂಥ ತೊಂದರೆಗಳಿಗೆಂದು 'ಶಟ್' ಎಂಬ ಕ್ಲಿನಿಕ್ ಶುರುಮಾಡಿತು. ಮನಸ್ಸು ತುಂಬಾ ಭಾರವಾದರೆ ಟೆಲಿ-ಮಾನಸ್ 14416 ನಂಬರಿಗೆ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ. ಈ ನಂಬರ್ ಬರೆದುಕೊಳ್ಳಿ. ನಿಮಗೆ ಬೇಡದಿದ್ದರೂ ಪಕ್ಕದವರಿಗೆ ಬೇಕಾಗಬಹುದು.

ನಾನು ಏನು ಮಾಡುತ್ತೇನೆ ಎಂದು ಕೇಳಿದರೆ, ಮಾಡುವುದು ಎರಡೇ ಕೆಲಸ. ಸ್ಟೇಟಸ್ ನೋಡುವಾಗ "ಯಾರು ಹಾಕಿಲ್ಲ?" ಎಂದು ಕೇಳಿಕೊಳ್ಳುತ್ತೇನೆ. ಅಂಕಿಅಂಶ ಕಲಿಸುವವರಿಗೆ ಇದು ಹಳೆಯ ಅಭ್ಯಾಸ. ಪಟ್ಟಿಯಲ್ಲಿ ಇರುವವರಿಗಿಂತ ಇಲ್ಲದವರು ಹೆಚ್ಚು ಹೇಳುತ್ತಾರೆ. ಈ ಸಲ ರಿಸಲ್ಟ್ ದಿನ ಹಾಗೆ ಕೇಳಿಕೊಂಡು, ಏನೂ ಹಾಕದ ಮಕ್ಕಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಒಬ್ಬ ಹುಡುಗ 64 ಬಂದಿದ್ದಕ್ಕೆ ಫೋನ್ ಎತ್ತಲು ನಾಚಿಕೊಂಡಿದ್ದ. ಬೆಳಗಿನ ಜಾವ ಮೀನು ಮಾರ್ಕೆಟ್ಟಿನಲ್ಲಿ ಪೆಟ್ಟಿಗೆ ಹೊತ್ತು ಆಮೇಲೆ ಕಾಲೇಜಿಗೆ ಬರುತ್ತಿದ್ದ ಹುಡುಗ ಅವನು. ಆ 64 ನನ್ನ ಕಣ್ಣಿಗೆ ಎಷ್ಟು ದೊಡ್ಡದು ಎಂದು ಅವನಿಗೆ ಹೇಳಲು ನನಗೆ ಹತ್ತು ನಿಮಿಷ ಬೇಕಾಯಿತು.

ಇಲ್ಲಿ ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ. ಸ್ಟೇಟಸ್ ಬರುವ ಮೊದಲೇ ಇದನ್ನು ಫ್ಲೆಕ್ಸ್ ಮಾಡಿ ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿದವರು ನಾವು, ಶಿಕ್ಷಕರು. ಮೇಲಿನ ಹತ್ತು ಮಕ್ಕಳ ಫೋಟೋ, ಕೆಳಗೆ ಅಂಕ. ಉಳಿದವರು ಕಾಲೇಜಿಗೆ ಬರುವಾಗ ದಿನಾ ಅದರ ಕೆಳಗೇ ನಡೆದು ಬರಬೇಕು. ಅದನ್ನು ನಿಲ್ಲಿಸೋಣ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಎರಡು ವರ್ಷದಿಂದ ಹೇಳುತ್ತಿದ್ದೇನೆ. ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಬಿಡುವುದಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು, "ಮೊಮ್ಮಗನ ನಾಮಕರಣದ ಫೋಟೋ ಹಾಕಿದ್ದೆ, ತಪ್ಪಾಯ್ತಾ?" ಎಂದು ಕೇಳಿದರು. ಅವರಿಗೆ ನಿಜವಾಗಿಯೂ ಅಳುಕಾಗಿತ್ತು. ಖಂಡಿತ ಇಲ್ಲ ಅಮ್ಮ, ಹಾಕಿ ಎಂದೆ. ಹೊಸ ಮಗುವಿನ ಮುಖ ನೋಡಿ ನಾಲ್ಕು ಜನ ನಕ್ಕರೆ ಅದಕ್ಕಿಂತ ಒಳ್ಳೆಯದೇನಿದೆ? ಬಾಣಂತಿ ಮಗಳು ರಾತ್ರಿ ನಿದ್ದೆಯಿಲ್ಲದೆ ಹೇಗಿದ್ದಾಳೆ ಎಂದು ಫೋಟೋ ನೋಡಿದವರಲ್ಲಿ ಯಾರಾದರೂ ಕೇಳಿದರೆ, ಅದನ್ನೂ ಮುಚ್ಚಿಡದೆ ಹೇಳಿ ಎಂದೆ.

ಡಿಗ್ರಿ ಓದುವ ಹುಡುಗನೊಬ್ಬ ಬೇರೆಯೇ ಕೇಳಿದ. "ಎಲ್ಲ ಬಿಟ್ಟರೆ ಹಿಂದೆ ಬೀಳ್ತೀವಲ್ಲ ಮೇಡಂ? ಕೆಲಸದ ಸುದ್ದಿ, ಪರೀಕ್ಷೆಯ ಸುದ್ದಿ ಎಲ್ಲ ಅಲ್ಲೇ ಬರೋದು." ಅವನು ಹೇಳಿದ್ದು ಸರಿ. 2018ರಲ್ಲಿ ಅಮೆರಿಕದಲ್ಲಿ ಇದನ್ನೂ ಪರೀಕ್ಷಿಸಿದ್ದಾರೆ. ಜನರಿಗೆ ಹಣ ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಿಡಿಸಿದರು. ಅವರಿಗೆ ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು. ಮನೆಯವರ, ಗೆಳೆಯರ ಜೊತೆ ಕಳೆಯುವ ಹೊತ್ತು ಹೆಚ್ಚಿತು. ನೆಮ್ಮದಿಯೂ ಹೆಚ್ಚಿತು, ಆದರೆ ಸ್ವಲ್ಪ ಮಾತ್ರ. ದೇಶದ ಸುದ್ದಿ ಅವರಿಗೆ ಕಡಿಮೆ ಗೊತ್ತಿತ್ತು ಎಂಬುದೂ ನಿಜ. ನನಗೆ ಮುಖ್ಯ ಎನ್ನಿಸಿದ್ದು ಕೊನೆಯ ಸಂಗತಿ. ನಾಲ್ಕು ವಾರ ಮುಗಿದು ಮತ್ತೆ ನೋಡಲು ಬಿಟ್ಟ ಮೇಲೂ ಅವರು ಮೊದಲಿನಷ್ಟು ನೋಡಲಿಲ್ಲ. ಹಾಗಾಗಿ ಅವನಿಗೆ ಹೇಳಿದೆ, ಕೆಲಸದ ಗ್ರೂಪ್ ಇಟ್ಟುಕೋ. ಸ್ಟೇಟಸ್‌ಗಳನ್ನು ಮ್ಯೂಟ್ ಮಾಡಿ ಒಂದು ತಿಂಗಳು ನೋಡು. ಆಮೇಲೆ ಬಂದು ನನಗೆ ಹೇಳು.

ಎಲ್ಲರೂ ಎದ್ದು ಹೊರಟ ಮೇಲೆ ಒಬ್ಬರು ಉಳಿದರು. ಪೇಟೆಯಲ್ಲಿ ಟೈಲರ್ ಅಂಗಡಿ ಇಟ್ಟವರು, ನನ್ನ ಮಗಳ ಯೂನಿಫಾರ್ಮ್ ಹೊಲಿದವರು. ಕುರ್ಚಿಗಳನ್ನು ಜೋಡಿಸಲು ಸಹಾಯ ಮಾಡುತ್ತಾ ನಿಧಾನಕ್ಕೆ ಮಾತು ತೆಗೆದರು. ಅವರ ತಮ್ಮ ದುಬೈಯಲ್ಲಿದ್ದಾನೆ. ಎರಡು ವರ್ಷದ ಹಿಂದೆ ಹೊಸ ಕಾರಿನ ಫೋಟೋ ಹಾಕಿದ. ಆ ತಿಂಗಳು ಇವರು ಅಂಗಡಿ ಬಾಡಿಗೆ ಕಟ್ಟಲಾರದೆ ಒದ್ದಾಡುತ್ತಿದ್ದರು. ಜಗಳವೇನೂ ಆಗಲಿಲ್ಲ. ಇವರು ಫೋನ್ ಮಾಡುವುದನ್ನು ಬಿಟ್ಟರು, ಅವನೂ ಬಿಟ್ಟ.

"ಆದ್ರೂ ಅವನ ಸ್ಟೇಟಸ್ ದಿನಾ ನೋಡ್ತೀನಿ ಮೇಡಂ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ನೋಡ್ತೀನಿ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನಾನು ನೋಡಿದ್ದು ಅವನಿಗೆ ಗೊತ್ತಾಗುತ್ತಾ?" ಎಂದು ಕೇಳಿದರು.

ಗೊತ್ತಾಗುತ್ತದೆ ಎಂದೆ. ಯಾರ್ಯಾರು ನೋಡಿದರು ಎಂದು ಹೆಸರು ಬರುತ್ತದೆ. ಅದನ್ನು ಆಫ್ ಮಾಡಿರದಿದ್ದರೆ ಕಾಣುತ್ತದೆ.

"ನಾನು ಎಂಥದೂ ಆಫ್ ಮಾಡಿಲ್ಲ" ಎಂದರು. "ಅಂದ್ರೆ ಎರಡು ವರ್ಷದಿಂದ ಅವನು ನನ್ನ ಹೆಸರು ದಿನಾ ನೋಡ್ತಿದ್ದಾನೆ."

ಕೊನೆಯ ಕುರ್ಚಿ ಅವರ ಕೈಯಲ್ಲೇ ಇತ್ತು. ಅದನ್ನು ಗೋಡೆಗೆ ಒರಗಿಸಿ ಜೇಬಿನಿಂದ ಫೋನ್ ತೆಗೆದರು.

"ದುಬೈಯಲ್ಲಿ ಈಗ ಎಷ್ಟು ಗಂಟೆ ಆಗಿರುತ್ತೆ ಮೇಡಂ?"

ನಮಗಿಂತ ಒಂದೂವರೆ ಗಂಟೆ ಹಿಂದೆ, ಐದೂವರೆ ಇರಬೇಕು ಎಂದೆ.